ಬಸುರಿಯ ಮನಸ್ಸು ಮತ್ತು ಅವಳ ಬಾಲ್ಯ

ಏಳನೆಯ ತರಗತಿಯ ಕನ್ನಡ ಪರೀಕ್ಷೆಯಲ್ಲಿ ವಿಸ್ತರಣೆಗೆ ನಾವು ಆಗಾಗ ಕೊಡುವ ಗಾದೆಗಳಲ್ಲಿ 'ತಾಯಿಯಂತೆ ಮಗಳು, ನೂಲಿನಂತೆ ಸೀರೆ' ಎಂಬುದೂ ಒಂದು. ಮಕ್ಕಳು ಇದಕ್ಕೆ ಬರೆಯುವ ಉತ್ತರ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. 'ಗಾದೆಗಳು ವೇದಕ್ಕೆ ಸಮಾನ' ಎಂದು ಶುರುವಾಗಿ, ತಾಯಿ ಒಳ್ಳೆಯವಳಾದರೆ ಮಗಳೂ ಒಳ್ಳೆಯವಳಾಗುತ್ತಾಳೆ ಎಂದು ಮುಗಿಯುತ್ತದೆ. ಎರಡು ವರ್ಷಗಳ ಹಿಂದೆ ಒಬ್ಬ ಹುಡುಗಿ ಮಾತ್ರ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದಳು: "ಹಾಗಾದರೆ ಅಮ್ಮ ಯಾವಾಗಲೂ ಅಳುತ್ತಿದ್ದರೆ ಮಗಳು ಏನು ಮಾಡಬೇಕು?" ನಾವು ಅದರ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, 'ವಿಷಯಾಂತರ' ಎಂದು ಬರೆದು ಅರ್ಧ ಅಂಕ ಕಳೆದೆವು.

ಆ ತಿಂಗಳ ಪಾಲಕರ ಸಭೆಗೆ ಅವಳ ತಾಯಿ ಬಂದರು. ಏಳು ತಿಂಗಳ ಬಸುರಿ. ಮೂರು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತಾ ಕುಳಿತರು. ಮಗಳು ಮನೆಗೆಲಸ ಮಾಡಿ ತರುತ್ತಿಲ್ಲ, ತರಗತಿಯಲ್ಲಿ ಕಿಟಕಿಯ ಕಡೆ ನೋಡುತ್ತಿರುತ್ತಾಳೆ ಎಂದು ನಾವು ದೂರು ಹೇಳುತ್ತಿದ್ದಂತೆ ಅವರ ಕಣ್ಣು ತುಂಬಿತು. ಆಗ ನಾವು, ಎಲ್ಲ ಹಿರಿಯರೂ ಹೇಳುವ ಮಾತನ್ನೇ ಹೇಳಿದೆವು: "ಇಂಥ ಸಮಯದಲ್ಲಿ ಅಳಬಾರದು, ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ."

"ಅದೇ ಭಯ ಟೀಚರ್" ಎಂದರು ಆ ತಾಯಿ. "ಅಳು ಬರ್ತದೆ. ಅತ್ತರೆ ಮಗುವಿಗೆ ಏನಾಗ್ತದೋ ಅಂತ ಮತ್ತೆ ಅಳು ಬರ್ತದೆ. ಬೆಳಿಗ್ಗೆ ಏಳ್ಲಿಕ್ಕೇ ಆಗುದಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗಳು ಹೊರಗೆ ಹೋದದ್ದನ್ನು ನೋಡಿಕೊಂಡು, ಮೆಲ್ಲಗೆ ಹೇಳಿದರು: "ಸಣ್ಣವಳಿರುವಾಗ ನಮ್ಮ ಮನೆಯಲ್ಲಿ ದಿನಾ ಹೊಡೆತ. ಅಪ್ಪ ಅಮ್ಮನಿಗೆ, ಅಮ್ಮ ನಮಗೆ. ಈಗ ಅದೇ ನೆನಪಾಗುದು. ನಾನೂ ಹಾಗೇ ಆಗ್ತೇನೋ ಏನೋ."

ನಮ್ಮಲ್ಲಿ ಉತ್ತರವಿರಲಿಲ್ಲ. ಬಿ.ಎಡ್. ಓದುವಾಗ ಶೈಕ್ಷಣಿಕ ಮನೋವಿಜ್ಞಾನ ಎಂಬ ಒಂದು ಪತ್ರಿಕೆ ಇತ್ತು. ಪಿಯಾಜೆಯ ಹಂತಗಳನ್ನು ಬಾಯಿಪಾಠ ಮಾಡಿ ಉತ್ತಮ ಅಂಕ ಗಳಿಸಿದ್ದೆವು. ಅದು ಇಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ. ಆ ಬಳಿಕ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನು ಓದತೊಡಗಿದೆವು, ಪರಿಚಯದ ವೈದ್ಯರನ್ನು ಕೇಳಿದೆವು. ಆ ತಾಯಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿ, ತಿಳಿದುಕೊಂಡದ್ದನ್ನು ಈ ಪುಟಗಳಲ್ಲಿ ಹಂಚಿಕೊಳ್ಳುತ್ತಿದ್ದೇವೆ. ನಾವು ಭಾಷಾ ಶಿಕ್ಷಕರೇ ಹೊರತು ವೈದ್ಯರಲ್ಲ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕಾಗಿ ವಿನಂತಿ.

ಗರ್ಭದಲ್ಲಿರುವ ಕೂಸಿಗೆ ಹೊರಗಿನದು ತಟ್ಟುತ್ತದೆ ಎಂಬುದು ನಮ್ಮವರಿಗೆ ಹೊಸ ಸಂಗತಿಯೇನಲ್ಲ. ಸುಭದ್ರೆಯ ಗರ್ಭದಲ್ಲಿದ್ದುಕೊಂಡೇ ಚಕ್ರವ್ಯೂಹದ ಕಥೆ ಕೇಳಿದ ಅಭಿಮನ್ಯುವನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಈ ವಿಷಯಕ್ಕೆ ಹೆಚ್ಚು ಹತ್ತಿರವಾದ ಕಥೆ ಪ್ರಹ್ಲಾದನದು. ಹಿರಣ್ಯಕಶಿಪು ತಪಸ್ಸಿಗೆ ಹೋದಾಗ ಅವನ ಗರ್ಭಿಣಿ ಪತ್ನಿ ಕಯಾಧುವನ್ನು ಇಂದ್ರ ಎಳೆದುಕೊಂಡು ಹೊರಡುತ್ತಾನೆ. ದಾರಿಯಲ್ಲಿ ನಾರದರು ತಡೆದು ಬಿಡಿಸಿ, ಗಂಡ ಬರುವವರೆಗೆ ತಮ್ಮ ಆಶ್ರಮದಲ್ಲಿ ಇರಿಸಿಕೊಳ್ಳುತ್ತಾರೆ. ಗರ್ಭದಲ್ಲಿ ಕೇಳಿದ ಉಪದೇಶದ ಬಗ್ಗೆ ಹರಿಕಥೆಯಲ್ಲಿ ವಿಸ್ತಾರವಾಗಿ ಹೇಳುತ್ತಾರೆ. ಹೆದರಿ ನಡುಗುತ್ತಿದ್ದ ಬಸುರಿಯೊಬ್ಬಳಿಗೆ ಮೊದಲು ಸಿಕ್ಕಿದ್ದು ಉಪದೇಶವಲ್ಲ, ಸುರಕ್ಷಿತವಾದ ಒಂದು ಜಾಗ ಎಂಬುದನ್ನು ನಾವಂತೂ ಇದುವರೆಗೆ ಗಮನಿಸಿರಲಿಲ್ಲ.

ಇನ್ನು ಸಂಶೋಧನೆಗಳ ವಿಷಯಕ್ಕೆ ಬರೋಣ. ಬಾಲ್ಯದ ಆಘಾತದ ಅಧ್ಯಯನಗಳಲ್ಲಿ ಬಹಳ ಹೆಸರಾದದ್ದು ಅಮೆರಿಕದ ಸ್ಯಾನ್ ಡಿಯೇಗೊ ನಗರದಲ್ಲಿ ಹುಟ್ಟಿತು. ಅದು ಆರಂಭವಾದ ರೀತಿಯೇ ವಿಚಿತ್ರ. 1980ರ ದಶಕದಲ್ಲಿ ಡಾ. ವಿನ್ಸೆಂಟ್ ಫೆಲಿಟ್ಟಿ ಎಂಬವರು ಅಲ್ಲಿ ಬೊಜ್ಜು ಕರಗಿಸುವ ಚಿಕಿತ್ಸಾ ಕೇಂದ್ರ ನಡೆಸುತ್ತಿದ್ದರು. ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ನಡುವೆ ಚಿಕಿತ್ಸೆ ಬಿಟ್ಟು ಹೋಗುತ್ತಿದ್ದರು. ಯಾಕೆಂದು ಒಬ್ಬೊಬ್ಬರನ್ನೇ ಕೂರಿಸಿ ವಿಚಾರಿಸಿದಾಗ, ಅವರಲ್ಲಿ ಅನೇಕರು ಚಿಕ್ಕಂದಿನಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರೆಂದು ತಿಳಿದುಬಂತು. ದಪ್ಪ ದೇಹ ಅವರಿಗೆ ಒಂದು ರಕ್ಷಣೆಯಾಗಿತ್ತು. ಅಲ್ಲಿಂದ ಮುಂದೆ ಡಾ. ರಾಬರ್ಟ್ ಆಂಡಾ ಅವರೊಡನೆ ಸೇರಿ, 1995ರಿಂದ 1997ರವರೆಗೆ 17,000ಕ್ಕೂ ಹೆಚ್ಚು ಮಂದಿಯಿಂದ ಬಾಲ್ಯದ ಬಗ್ಗೆ ಮಾಹಿತಿ ಪಡೆದರು. ಹೊಡೆತ, ಬೈಗುಳ, ಲೈಂಗಿಕ ದೌರ್ಜನ್ಯ, ತಾಯಿಯನ್ನು ಹೊಡೆಯುವುದನ್ನು ನೋಡಿದ್ದು, ಮನೆಯಲ್ಲಿ ಕುಡುಕರು ಅಥವಾ ಮನೋರೋಗಿಗಳು ಇದ್ದದ್ದು, ಯಾರಾದರೂ ಜೈಲಿಗೆ ಹೋದದ್ದು, ಇಂತಹ ಪ್ರಶ್ನೆಗಳು. ಮೊದಲ ವರದಿ 1998ರಲ್ಲಿ ಬಂತು. ಅರ್ಧಕ್ಕಿಂತ ಹೆಚ್ಚು ಜನರಿಗೆ ಇವುಗಳಲ್ಲಿ ಒಂದಾದರೂ ಅನುಭವವಾಗಿತ್ತು. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಗೆಯ ಕಷ್ಟ ಕಂಡವರಲ್ಲಿ ಖಿನ್ನತೆ, ಕುಡಿತದ ಚಟ, ಆತ್ಮಹತ್ಯೆಯ ಯತ್ನ ಮುಂತಾದವುಗಳ ಅಪಾಯ ಏನೂ ಅನುಭವಿಸದವರಿಗಿಂತ 4ರಿಂದ 12 ಪಟ್ಟು ಹೆಚ್ಚಾಗಿತ್ತು. ಇವರು ಹೆಚ್ಚಿನವರು ಓದಿದವರು, ಆರೋಗ್ಯ ವಿಮೆ ಇದ್ದವರು. ಬಡತನದಿಂದ ಮಾತ್ರ ಹೀಗಾಗುತ್ತದೆ ಎಂದು ತಳ್ಳಿಹಾಕುವಂತಿರಲಿಲ್ಲ.

ಇಂತಹ ಬಾಲ್ಯ ಕಂಡ ಹುಡುಗಿ ಬೆಳೆದು ಬಸುರಿಯಾದಾಗ ಏನಾಗುತ್ತದೆ? ಸಾಮಾನ್ಯವಾಗಿ ಗರ್ಭಿಣಿಯೆಂದರೆ ಸಂತೋಷ, ಹಸಿರು ಬಳೆ, ಸೀಮಂತ, ಬಯಕೆ ಎಂದೇ ನಾವು ತಿಳಿದಿದ್ದೇವೆ. ಆದರೆ ತಾಯಿಯಾಗುವ ಹೊತ್ತಿನಲ್ಲೇ ತನ್ನ ತಾಯಿಯ ನೆನಪು ಏಳುತ್ತದೆ. ಒಳ್ಳೆಯ ನೆನಪಾದರೆ ಒಳ್ಳೆಯದೇ ಆಯಿತು. ಅಲ್ಲವಾದರೆ, ಇಷ್ಟು ವರ್ಷ ಹೇಗೋ ಅದುಮಿಟ್ಟದ್ದೆಲ್ಲ ಮೇಲೆ ಬರುತ್ತದೆ. ವೈದ್ಯಕೀಯ ಪರೀಕ್ಷೆಗಾಗಿ ಮೈ ಮುಟ್ಟುವುದು ಕೂಡ ಕೆಲವರಿಗೆ ಹಳೆಯದನ್ನು ನೆನಪಿಸಿ ಮೈ ನಡುಗಿಸುತ್ತದೆ. ಬಾಲ್ಯದಲ್ಲಿ ದೌರ್ಜನ್ಯ ಅನುಭವಿಸಿದ ಹೆಂಗಸರಲ್ಲಿ ಗರ್ಭಿಣಿಯಾಗಿರುವಾಗ ಖಿನ್ನತೆ ಮತ್ತು ಆತಂಕ ಹೆಚ್ಚಾಗಿ ಕಾಣುತ್ತದೆ ಎಂದು ಲಂಡನ್ ಸೇರಿದಂತೆ ಹಲವು ಕಡೆಯ ಅಧ್ಯಯನಗಳು ಹೇಳಿವೆ. ಬಾಣಂತಿಯ ಖಿನ್ನತೆಯ ಬಗ್ಗೆ ಈಗೀಗ ಪತ್ರಿಕೆಗಳಲ್ಲಿ ಬರುತ್ತಿದೆ. ಎಷ್ಟೋ ಸಲ ಅದು ಹೆರಿಗೆಗೆ ಮೊದಲೇ ಶುರುವಾಗಿರುತ್ತದೆ ಎಂಬುದು ಹಲವರಿಗೆ ತಿಳಿಯದು.

ಹಾಗಾದರೆ ತಾಯಿಯ ಮನಸ್ಸಿನಲ್ಲಿದ್ದದ್ದು ಕೂಸಿಗೆ ಹೇಗೆ ತಲುಪುತ್ತದೆ? ನಾವು ಹೆದರಿದಾಗ, ಒತ್ತಡದಲ್ಲಿದ್ದಾಗ ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚುತ್ತದೆ. ಗರ್ಭಿಣಿಯರಲ್ಲಿ ಇದು ಹೇಗಿದ್ದರೂ ಹೆಚ್ಚು. ಆದರೆ ತಾಯಿಗೂ ಕೂಸಿಗೂ ನಡುವೆ ಮಾಸು ಇದೆಯಲ್ಲ, ಅದು ಬಾಗಿಲು ಕಾಯುವವನಂತೆ. ಅದರಲ್ಲಿರುವ ಒಂದು ಕಿಣ್ವ ಕಾರ್ಟಿಸಾಲಿನ ಹೆಚ್ಚಿನ ಭಾಗವನ್ನು ನಿರುಪದ್ರವಿ ರೂಪಕ್ಕೆ ಬದಲಿಸಿಯೇ ಒಳಗೆ ಬಿಡುತ್ತದೆ. ತಾಯಿ ಬಹುಕಾಲ ತೀವ್ರ ಆತಂಕದಲ್ಲಿದ್ದರೆ ಈ ಕಿಣ್ವದ ಕೆಲಸ ಕುಂದುತ್ತದೆ ಎಂದು ಲಂಡನ್ನಿನ ಸಂಶೋಧಕರು 2012ರಲ್ಲಿ ವರದಿ ಮಾಡಿದ್ದಾರೆ. ಒಂದು ದಿನ ಅತ್ತರೆ, ಗಂಡನೊಡನೆ ಒಂದು ಜಗಳವಾದರೆ ಹೀಗಾಗುತ್ತದೆ ಎಂದು ಇದರ ಅರ್ಥವಲ್ಲ. ಅಂದು ನಾವು ಆ ತಾಯಿಗೆ ಹೇಳಿದ ಮಾತು ತಪ್ಪು ಎಂದು ನಮಗೆ ಮನದಟ್ಟಾದದ್ದು ಇಲ್ಲಿಯೇ. ಅಳು ವಿಷವಲ್ಲ. ವಾರಗಟ್ಟಲೆ ಬಿಡದೆ ಕಾಡುವ, ಯಾರೂ ವಿಚಾರಿಸದ, ಚಿಕಿತ್ಸೆ ಸಿಗದ ಸಂಕಟದ ಬಗ್ಗೆ ಈ ಅಧ್ಯಯನಗಳು ಮಾತಾಡುತ್ತವೆ.

ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1991 ಮತ್ತು 1992ರಲ್ಲಿ ಹೆರಿಗೆಯಾಗಬೇಕಿದ್ದ ಸುಮಾರು 14,500 ಗರ್ಭಿಣಿಯರನ್ನು ಸೇರಿಸಿಕೊಂಡು, ಆ ಮಕ್ಕಳನ್ನು ವರ್ಷ ವರ್ಷವೂ ಗಮನಿಸುತ್ತಾ ಬಂದ ದೊಡ್ಡ ಅಧ್ಯಯನವೊಂದಿದೆ. ವಿವೆಟ್ ಗ್ಲೋವರ್ ಮತ್ತು ಸಂಗಡಿಗರು ಅದರಿಂದ 2002ರಲ್ಲಿ ಕಂಡುಕೊಂಡದ್ದು ಇದು: ಗರ್ಭದ ಕೊನೆಯ ತಿಂಗಳುಗಳಲ್ಲಿ ತಾಯಿಗೆ ತೀರಾ ಹೆಚ್ಚು ಆತಂಕವಿದ್ದರೆ, ಮಗು ನಾಲ್ಕು ವರ್ಷದ್ದಾದಾಗ ನಡವಳಿಕೆಯ ಅಥವಾ ಭಾವನೆಯ ತೊಂದರೆ ಕಾಣುವ ಸಾಧ್ಯತೆ ಸುಮಾರು ಇಮ್ಮಡಿ. ಇಮ್ಮಡಿ ಎಂದ ಕೂಡಲೇ ಎದೆ ಧಸಕ್ಕೆನ್ನುತ್ತದೆ. ಗಣಿತದ ಸಹೋದ್ಯೋಗಿಯೊಬ್ಬರು ನಮಗೆ ಬಿಡಿಸಿ ಹೇಳಿದ ಹಾಗೆ, ನೂರರಲ್ಲಿ ಐದು ಮಕ್ಕಳಿಗೆ ಇದ್ದ ತೊಂದರೆ ಹತ್ತು ಮಕ್ಕಳಿಗಾದರೂ ಅದು ಇಮ್ಮಡಿಯೇ. ಉಳಿದ ತೊಂಬತ್ತು ಮಕ್ಕಳು ಆರಾಮವಾಗಿಯೇ ಇರುತ್ತಾರೆ. ಪತ್ರಿಕೆಯ ತಲೆಬರಹದಲ್ಲಿ ಈ ತೊಂಬತ್ತು ಮಕ್ಕಳು ಎಂದೂ ಕಾಣಿಸಿಕೊಳ್ಳುವುದಿಲ್ಲ.

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳ ಬಳಿಯಿದ್ದ 38 ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ರೇಚಲ್ ಯೆಹೂದಾ ಅವರ ತಂಡ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿತು. ಆಘಾತದಿಂದ ಹೊರಬರಲಾಗದೆ ಕಾಯಿಲೆ ಬಿದ್ದ ತಾಯಂದಿರ ಒಂದು ವರ್ಷದ ಶಿಶುಗಳಲ್ಲಿ ಕಾರ್ಟಿಸಾಲ್ ಪ್ರಮಾಣ ಕಡಿಮೆ ಇತ್ತು. ಗರ್ಭದ ಕೊನೆಯ ಮೂರು ತಿಂಗಳಲ್ಲಿದ್ದವರಲ್ಲಿ ಇದು ಹೆಚ್ಚು ಎದ್ದು ಕಾಣುತ್ತಿತ್ತು. ಹೆಚ್ಚಲ್ಲ, ಕಡಿಮೆ ಎಂಬುದನ್ನು ಗಮನಿಸಬೇಕು. ಒತ್ತಡವೆಂದರೆ ಹಾರ್ಮೋನು ಏರುತ್ತದೆ, ಅಷ್ಟೇ ಎಂದು ಸರಳವಾಗಿ ಹೇಳಿಬಿಡುವಂತಿಲ್ಲ. ನಮ್ಮ ಕರ್ನಾಟಕದ ಹಳ್ಳಿಗಾಡಿನಲ್ಲಿಯೇ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎರಡು ತಿಂಗಳ ಶಿಶುಗಳಿಗೆ ಲಸಿಕೆ ಚುಚ್ಚಿದಾಗ ಅವುಗಳ ಕಾರ್ಟಿಸಾಲ್ ಹೇಗೆ ಪ್ರತಿಕ್ರಿಯಿಸುತ್ತದೆ ಎಂದು ನೋಡಲಾಯಿತು. ಅದಕ್ಕೂ ತಾಯಿಗೆ ಗರ್ಭಿಣಿಯಾಗಿದ್ದಾಗ ಇದ್ದ ಖಿನ್ನತೆಗೂ ಸಂಬಂಧ ಕಂಡಿತು. ಕ್ಯಾಲಿಫೋರ್ನಿಯಾದಲ್ಲಿ ಕ್ಲಾಡಿಯಾ ಬುಸ್ ಮತ್ತು ಸಂಗಡಿಗರು ಇನ್ನೂ ಹಿಂದಕ್ಕೆ ಹೋದರು. ತಾಯಿ ಬಾಲ್ಯದಲ್ಲಿ ದೌರ್ಜನ್ಯ ಅನುಭವಿಸಿದ್ದರೆ ಅವಳ ನವಜಾತ ಶಿಶುವಿನ ಮಿದುಳಿನ ಚಿತ್ರದಲ್ಲಿ ಸಣ್ಣ ವ್ಯತ್ಯಾಸಗಳು ಕಾಣುತ್ತವೆ ಎಂದು ಅವರ ವರದಿ. ಅಂದರೆ ಮಗು ಹುಟ್ಟಿ ಯಾರ ಕೈಗೂ ಬರುವ ಮೊದಲೇ ಅಜ್ಜಿಯ ಮನೆಯ ಕಥೆ ಅದರೊಳಗೆ ಸ್ವಲ್ಪ ಬಂದಿರಬಹುದು.

ಇಷ್ಟು ಓದಿದ ಮೇಲೆ, ನಿಜ ಹೇಳಬೇಕೆಂದರೆ, ನಮಗೆ ಬೇಸರವೇ ಆಯಿತು. ಎಲ್ಲವನ್ನೂ ತಂದು ತಾಯಿಯ ತಲೆಗೇ ಕಟ್ಟುತ್ತಾರಲ್ಲ ಎನ್ನಿಸಿತು. ಊಟ ಸರಿಯಿಲ್ಲದಿದ್ದರೆ ಅವಳ ತಪ್ಪು, ಅತ್ತರೆ ಅವಳ ತಪ್ಪು, ಈಗ ಚಿಕ್ಕಂದಿನಲ್ಲಿ ಅವಳು ತಿಂದ ಹೊಡೆತವೂ ಅವಳದೇ ಲೆಕ್ಕಕ್ಕೆ! ಆದರೆ ಕೆನಡಾದ ಮಾಂಟ್ರಿಯಲ್‌ನಲ್ಲಿ ಮೈಕೆಲ್ ಮೀನಿ ಅವರ ತಂಡ ಇಲಿಗಳ ಮೇಲೆ ಮಾಡಿದ ಪ್ರಯೋಗ ಬೇರೊಂದು ದಿಕ್ಕು ತೋರಿಸಿತು. ಕೆಲವು ತಾಯಿ ಇಲಿಗಳು ಮರಿಗಳನ್ನು ಹೆಚ್ಚು ನೆಕ್ಕುತ್ತವೆ, ಕೆಲವು ಕಡಿಮೆ. ಹೆಚ್ಚು ನೆಕ್ಕಿಸಿಕೊಂಡ ಮರಿಗಳು ಬೆಳೆದಾಗ ಅಷ್ಟಾಗಿ ಗಾಬರಿಬೀಳುವುದಿಲ್ಲ. ಇದು ರಕ್ತದಿಂದ ಬಂದ ಗುಣವೇ ಎಂದು ತಿಳಿಯಲು ಮರಿಗಳನ್ನು ಅದಲುಬದಲು ಮಾಡಿದರು. ಕಡಿಮೆ ನೆಕ್ಕುವ ತಾಯಿಗೆ ಹುಟ್ಟಿ, ಹೆಚ್ಚು ನೆಕ್ಕುವ ತಾಯಿಯ ಬಳಿ ಬೆಳೆದ ಹೆಣ್ಣುಮರಿ ದೊಡ್ಡದಾಗಿ ತನ್ನ ಮರಿಗಳನ್ನು ಹೆಚ್ಚಾಗಿಯೇ ನೆಕ್ಕಿತು. 1999ರಲ್ಲಿ ಇದು ಪ್ರಕಟವಾಯಿತು. ಆರೈಕೆಯ ಗುರುತು ವಂಶವಾಹಿಯ ಮೇಲೆ ರಾಸಾಯನಿಕವಾಗಿ ಹೇಗೆ ಬೀಳುತ್ತದೆ ಎಂಬುದನ್ನು 2004ರಲ್ಲಿ ತೋರಿಸಿದರು. ಇಲಿಗಳ ವಿಷಯ ಮನುಷ್ಯರಿಗೆ ಹಾಗೆಯೇ ಅನ್ವಯಿಸುತ್ತದೆ ಎನ್ನಲಾಗದು. ಆದರೂ ನೂಲು ಒಂದೇ ಇದ್ದರೂ ನೇಯುವ ಕೈ ಬದಲಾದರೆ ಸೀರೆ ಬದಲಾಗುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಂಡಿತು.

ಮನುಷ್ಯರ ವಿಷಯದಲ್ಲೇ ಇಂತಹದೊಂದು ಸಮಾಧಾನದ ಲೆಕ್ಕವಿದೆ. ಹೊಡೆಸಿಕೊಂಡು ಬೆಳೆದವರೆಲ್ಲ ತಮ್ಮ ಮಕ್ಕಳಿಗೂ ಹೊಡೆಯುತ್ತಾರೆಯೇ ಎಂಬ ಪ್ರಶ್ನೆಯನ್ನು ಅಮೆರಿಕದ ಜೋನ್ ಕಾಫ್‌ಮನ್ ಮತ್ತು ಎಡ್ವರ್ಡ್ ಝಿಗ್ಲರ್ 1987ರಲ್ಲಿ ಕೈಗೆತ್ತಿಕೊಂಡರು. ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ಸುಮಾರು ನೂರರಲ್ಲಿ ಮೂವತ್ತು ಮಂದಿ ಎಂದು ಅಂದಾಜು ಮಾಡಿದರು. ಇದು ಸಾಮಾನ್ಯ ಜನರಿಗಿಂತ ಬಹಳ ಹೆಚ್ಚೇ. ಆದರೆ ಸುಮಾರು ಎಪ್ಪತ್ತು ಮಂದಿ ಹಾಗೆ ಮಾಡುವುದಿಲ್ಲ ಎಂದೂ ಆಯಿತು. "ನಾನೂ ಹಾಗೇ ಆಗ್ತೇನೋ ಏನೋ" ಎಂದ ಆ ತಾಯಿಗೆ ನಾವು ಮೊದಲು ಹೇಳಿದ್ದು ಈ ಎಪ್ಪತ್ತರ ಲೆಕ್ಕವನ್ನೇ.

ಆ ಎಪ್ಪತ್ತು ಮಂದಿಗೂ ಉಳಿದ ಮೂವತ್ತು ಮಂದಿಗೂ ಏನು ವ್ಯತ್ಯಾಸ? ಇದಕ್ಕೆ ಒಂದು ಸುಂದರವಾದ ಉತ್ತರವನ್ನು ಅಮೆರಿಕದ ಮಿಶಿಗನ್‌ನಲ್ಲಿ ಕೆಲಸ ಮಾಡುತ್ತಿದ್ದ ಸೆಲ್ಮಾ ಫ್ರೈಬರ್ಗ್ ಎಂಬ ಮಹಿಳೆ ತಮ್ಮ ಇಬ್ಬರು ಸಹೋದ್ಯೋಗಿಗಳೊಡನೆ 1975ರಲ್ಲಿಯೇ ಬರೆದಿಟ್ಟಿದ್ದಾರೆ. ತೊಟ್ಟಿಲ ಕೋಣೆಯ ಭೂತಗಳು ಎಂಬ ಅರ್ಥ ಬರುವ ಶೀರ್ಷಿಕೆ ಅದಕ್ಕೆ. ಕರೆಯದೆ ಬಂದು ತೊಟ್ಟಿಲ ಬಳಿ ಕೂರುವ ಹಳೆಯ ನೋವುಗಳೇ ಆ ಭೂತಗಳು. ಐದೂವರೆ ತಿಂಗಳ ಕೂಸೊಂದು ಕಿರುಚಿ ಅಳುತ್ತಿದ್ದರೂ ಅದರ ತಾಯಿ ಕೇಳಿಸದವಳಂತೆ ಕುಳಿತಿರುತ್ತಿದ್ದಳು. ಅವಳೂ ಚಿಕ್ಕಂದಿನಲ್ಲಿ ತಾಯಿಯ ಆಸರೆಯಿಲ್ಲದೆ, ಹಿಂಸೆ ಅನುಭವಿಸಿ ಬೆಳೆದವಳು. ಮಗುವನ್ನು ಎತ್ತಿಕೋ ಎಂದು ಇವರು ಬುದ್ಧಿ ಹೇಳಲಿಲ್ಲ. ಮನೆಗೇ ಹೋಗಿ ಕುಳಿತು, ಅವಳ ಕಥೆ ಕೇಳಿದರು. ತನ್ನ ದುಃಖವನ್ನು ಯಾರೋ ಕೇಳಿಸಿಕೊಂಡ ಮೇಲೆ, ಅಂದು ಅಳಲಾಗದ್ದನ್ನು ಈಗ ಅತ್ತ ಮೇಲೆ, ಅವಳಿಗೆ ಮಗುವಿನ ಅಳು ಕೇಳಿಸತೊಡಗಿತು. ಅವಳೇ ಎತ್ತಿಕೊಂಡಳು. ನಡೆದ ಘಟನೆಗಳನ್ನು ಒಣ ವರದಿಯಂತೆ ನೆನಪಿಟ್ಟುಕೊಂಡು ಆಗಿನ ಭಯ, ಸಂಕಟಗಳನ್ನು ಮರೆತವರು ಅದನ್ನೇ ಮರಳಿ ಮಾಡುತ್ತಾರೆ. ಆ ಸಂಕಟವನ್ನೂ ನೆನಪಿಟ್ಟುಕೊಂಡವರು ತಮ್ಮ ಮಗುವಿಗೆ ಅದು ಬಾರದಿರಲಿ ಎಂದು ಎಚ್ಚರವಹಿಸುತ್ತಾರೆ ಎಂಬುದು ಅವರ ತೀರ್ಮಾನ. ಹಾಗೆ ನೋಡಿದರೆ 'ಹಳೆಯದನ್ನೆಲ್ಲ ಮರೆತುಬಿಡು' ಎಂದು ನಾವು ಕೊಡುವ ಸಾಂತ್ವನ ತಲೆಕೆಳಗಾದದ್ದು.

ನಮ್ಮ ದೇಶದ ಪರಿಸ್ಥಿತಿಯನ್ನೂ ಸ್ವಲ್ಪ ನೋಡೋಣ. ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಮಾಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಣಂತಿಯರಲ್ಲಿ 23 ಶೇಕಡಾ ಮಂದಿಗೆ ಖಿನ್ನತೆ ಕಂಡುಬಂತು. ಬಡತನ, ಗಂಡನೊಡನೆ ಸರಿಯಿಲ್ಲದ ಸಂಬಂಧ, ಗಂಡು ಬೇಕೆಂದಿದ್ದಲ್ಲಿ ಹುಟ್ಟಿದ ಹೆಣ್ಣು, ಇವು ಅಪಾಯ ಹೆಚ್ಚಿಸಿದ ಕಾರಣಗಳು. ದೇಶದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಲೆಕ್ಕವೂ 22 ಶೇಕಡಾ ಎಂದೇ ಹೇಳಿತು. ಹೆಚ್ಚುಕಡಿಮೆ ಐವರಲ್ಲಿ ಒಬ್ಬರು.

ಇಲ್ಲಿ ಕೊಲ್ಲಿಯಲ್ಲಿರುವ ನಮ್ಮ ಹೆಣ್ಣುಮಕ್ಕಳ ಪಾಡು ಇನ್ನೊಂದು ಬಗೆಯದು. ಗಂಡನಿಗೆ ಪಾಳಿಯ ಕೆಲಸ, ಮನೆಯೆಂದರೆ ಎರಡು ಕೋಣೆಯ ಫ್ಲ್ಯಾಟು, ಬೇಸಿಗೆಯಲ್ಲಿ ಹೊರಗೆ ಕಾಲಿಡುವಂತಿಲ್ಲ. ಬಸುರಿಯ ಮುಖ ನೋಡಿ "ಯಾಕೆ ಹೀಗಿದ್ದಿ?" ಎಂದು ಕೇಳಲು ಪಕ್ಕದಲ್ಲಿ ಅತ್ತಿಗೆ ನಾದಿನಿಯರಿಲ್ಲ. ಊರಿಗೆ ಫೋನು ಮಾಡಿದರೆ "ತವರಿಗೆ ಬಂದುಬಿಡು, ಎಲ್ಲ ಸರಿಹೋಗ್ತದೆ" ಎನ್ನುತ್ತಾರೆ. ಬಾಣಂತನಕ್ಕೆ ತವರು ಎಂಬುದು ನಮ್ಮಲ್ಲಿ ನಿಜಕ್ಕೂ ಒಂದು ದೊಡ್ಡ ವ್ಯವಸ್ಥೆ. ಆದರೆ ಯಾರ ಬಾಲ್ಯ ತವರಿನಲ್ಲೇ ಹಾಳಾಗಿತ್ತೋ ಅವರಿಗೆ ಆ ಮಾತು ಸಮಾಧಾನ ಕೊಡುವುದಿಲ್ಲ. ಅಮ್ಮನನ್ನು ಮೂರು ತಿಂಗಳ ವೀಸಾದಲ್ಲಿ ಕರೆಸಿಕೊಳ್ಳುವಂತೆ ನಾವೇ ಆ ತಾಯಿಗೆ ಸಲಹೆ ಕೊಟ್ಟಿದ್ದೆವು. ಅವರು ತಲೆ ತಗ್ಗಿಸಿದ್ದು ಯಾಕೆಂದು ಆಮೇಲೆ ತಿಳಿಯಿತು.

ಹಾಗಾದರೆ ಗುರುತಿಸುವುದು ಹೇಗೆ? ಜಾನ್ ಕಾಕ್ಸ್ ಮತ್ತು ಸಂಗಡಿಗರು 1987ರಲ್ಲಿ ಎಡಿನ್‌ಬರೊ ಹೆಸರಿನಲ್ಲಿ ಒಂದು ಪ್ರಶ್ನಾವಳಿ ರೂಪಿಸಿದರು. ಹತ್ತೇ ಪ್ರಶ್ನೆ, ಹಿಂದಿನ ಏಳು ದಿನಗಳ ಬಗ್ಗೆ. ನಗಲು ಆಗುತ್ತಿದೆಯೇ, ಕಾರಣವಿಲ್ಲದೆ ತನ್ನನ್ನೇ ದೂರಿಕೊಳ್ಳುತ್ತಿದ್ದೀರಾ, ನಿದ್ದೆ ಬರುತ್ತಿದೆಯೇ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬಂತಹವು. ಅದರ ಕನ್ನಡ ರೂಪವನ್ನು ಕರ್ನಾಟಕದ ಹಳ್ಳಿಗಳ ಗರ್ಭಿಣಿಯರಲ್ಲಿ ಪರೀಕ್ಷಿಸಿ ಉಪಯುಕ್ತವೆಂದು 2011ರಲ್ಲಿ ಪ್ರಕಟಿಸಲಾಗಿದೆ. ಇದು ರೋಗನಿರ್ಣಯವಲ್ಲ, ವೈದ್ಯರ ಬಳಿ ಹೋಗಬೇಕೇ ಎಂದು ಹೇಳುವ ದಾರಿಸೂಚಕ. ನಮ್ಮ ಹೆಂಗಸರು 'ಬೇಸರ' ಎಂಬ ಮಾತನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ತಲೆನೋವು, ಸುಸ್ತು, ಊಟ ಸೇರುವುದಿಲ್ಲ ಎನ್ನುತ್ತಾರೆ. ಬಸುರಿಗೆ ಸುಸ್ತು ಸಹಜವೇ ಎಂದು ಮನೆಯವರು ಬಿಟ್ಟುಬಿಡುತ್ತಾರೆ. ಎರಡು ವಾರ ಮೀರಿ ದಿನದ ಹೆಚ್ಚಿನ ಹೊತ್ತು ಹೀಗೇ ಇದ್ದರೆ, ಯಾವುದರಲ್ಲೂ ಆಸಕ್ತಿಯೇ ಇಲ್ಲವೆಂದಾದರೆ, ತಪಾಸಣೆಗೆ ಹೋದಾಗ ಸ್ತ್ರೀರೋಗ ತಜ್ಞರಿಗೆ ಹೇಳಲೇಬೇಕು. ಸಾಯುವ ಮಾತು ಬಂದರಂತೂ ಒಂದು ದಿನವೂ ಕಾಯಬಾರದು. ಮೊದಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಬಸುರಿಯಾದೆನೆಂದು ತಾವಾಗಿ ನಿಲ್ಲಿಸುವುದು ಅಪಾಯ. ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಕೂಸು ಒಟ್ಟಿಗೇ ಇದ್ದು ಚಿಕಿತ್ಸೆ ಪಡೆಯುವ ವಿಭಾಗ 2009ರಲ್ಲಿ ಆರಂಭವಾಯಿತು. ಭಾರತದಲ್ಲಿ ಅದೇ ಮೊದಲನೆಯದು. ಡಾ. ಪ್ರಭಾ ಚಂದ್ರ ಅವರ ಹೆಸರು ಈ ಕೆಲಸದೊಂದಿಗೆ ಸೇರಿಕೊಂಡಿದೆ. ಕಾಯಿಲೆಯ ತಾಯಿಯಿಂದ ಮಗುವನ್ನು ಕಿತ್ತು ಅಜ್ಜಿಯ ಮನೆಗೆ ಕಳಿಸುವುದೇ ರೂಢಿಯಾಗಿದ್ದ ಕಡೆ ಇದು ಸಣ್ಣ ಮಾತಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕೂಡ, ಆಸ್ಪತ್ರೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದು ಎನ್ನುತ್ತದೆ. ಊರಿನಲ್ಲಿರುವ ಅಕ್ಕತಂಗಿಯರಿಗೆ ಬೇಕಾದರೆ, 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಕನ್ನಡದಲ್ಲಿಯೇ ಮಾತಾಡಬಹುದು.

ಔಷಧ ಎಲ್ಲರಿಗೂ ಬೇಕಾಗುವುದಿಲ್ಲ. ಪಾಕಿಸ್ತಾನದ ರಾವಲ್ಪಿಂಡಿ ಸುತ್ತಲಿನ ಹಳ್ಳಿಗಳಲ್ಲಿ ಡಾ. ಆತಿಫ್ ರಹಮಾನ್ ಮಾಡಿದ ಪ್ರಯೋಗ ನಮಗೆ ಬಹಳ ಇಷ್ಟವಾಯಿತು. ಮನೋವೈದ್ಯರೇ ಇಲ್ಲದ ಊರುಗಳು. ನಮ್ಮ ಆಶಾ ಕಾರ್ಯಕರ್ತೆಯರಂತೆ ಅಲ್ಲಿ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಿಗೆ ಸ್ವಲ್ಪ ತರಬೇತಿ ಕೊಟ್ಟು, ಖಿನ್ನತೆಯಿದ್ದ ಗರ್ಭಿಣಿಯರೊಡನೆ ಕೊನೆಯ ತಿಂಗಳಿನಿಂದ ಆರಂಭಿಸಿ ಮಾತುಕತೆ ನಡೆಸುವಂತೆ ಮಾಡಿದರು. ಮನಸ್ಸಿಗೆ ಬರುವ ಕೆಟ್ಟ ಯೋಚನೆಯನ್ನು ಗುರುತಿಸುವುದು, ಅದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ನೋಡುವುದು, ಮನೆಯವರನ್ನೂ ಜೊತೆ ಸೇರಿಸಿಕೊಳ್ಳುವುದು, ಅಷ್ಟೇ. 2008ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಹೆರಿಗೆಯಾಗಿ ಆರು ತಿಂಗಳಾಗುವಾಗ ಈ ಮಾತುಕತೆ ಸಿಕ್ಕ ತಾಯಂದಿರಲ್ಲಿ 23 ಶೇಕಡಾ ಮಂದಿಗೆ ಮಾತ್ರ ಖಿನ್ನತೆ ಉಳಿದಿತ್ತು, ಸಿಗದವರಲ್ಲಿ 53 ಶೇಕಡಾ ಮಂದಿಗೆ. ಗೋವಾದಲ್ಲಿ ನೆರೆಹೊರೆಯ ಹೆಂಗಸರೇ ಈ ಕೆಲಸ ಮಾಡುವಂತೆ ಮುಂದೆ ಪ್ರಯತ್ನಿಸಲಾಯಿತು.

ಹೆರಿಗೆಯ ನಂತರದ ಸ್ಪರ್ಶದ ಬಗ್ಗೆಯೂ ಒಂದು ಮಾತು. ಇಂಗ್ಲೆಂಡಿನ ವಿರಲ್ ಎಂಬಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ವಾರಗಳಲ್ಲಿ ಮಗುವಿನ ಬೆನ್ನು, ತಲೆ, ಕೈಕಾಲುಗಳನ್ನು ಎಷ್ಟು ಸಲ ಸವರುತ್ತೀರಿ ಎಂದು ತಾಯಂದಿರನ್ನು ಕೇಳಿದರು. ಕಡಿಮೆ ಸವರುತ್ತಿದ್ದವರಲ್ಲಿ, ಗರ್ಭಿಣಿಯಾಗಿದ್ದಾಗಿನ ಖಿನ್ನತೆಗೂ ಮಗುವಿನ ಕಿರಿಕಿರಿಗೂ ನಂಟು ಕಂಡಿತು. ಹೆಚ್ಚು ಸವರುತ್ತಿದ್ದವರಲ್ಲಿ ಆ ನಂಟು ಕಾಣಲಿಲ್ಲ. ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿ, ಬಿಸಿನೀರು ಹೊಯ್ಯುವ ನಮ್ಮ ಅಜ್ಜಿಯಂದಿರಿಗೆ ಇದನ್ನು ಓದಿ ಹೇಳಿದರೆ ನಕ್ಕುಬಿಟ್ಟಾರು. ಒಂದೇ ವ್ಯತ್ಯಾಸವೆಂದರೆ, ನಮ್ಮಲ್ಲಿ ಎಷ್ಟೋ ಕಡೆ ಎಣ್ಣೆ ಹಚ್ಚುವವರು ಬೇರೆಯವರು, ತಾಯಿ ಕೋಣೆಯಲ್ಲಿ ಮಲಗಿರುತ್ತಾಳೆ. ತಾಯಿಗೂ ಆ ಸ್ಪರ್ಶದ ಪಾಲು ಸಿಗುವಂತೆ ನೋಡಿಕೊಂಡರೆ ಒಳ್ಳೆಯದು.

ಕೊನೆಯದಾಗಿ, ಶಿಕ್ಷಕರಾಗಿ ನಮ್ಮನ್ನು ನಿಲ್ಲಿಸಿ ಓದಿಸಿದ ಅಧ್ಯಯನ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಏಂಜೆಲಾ ನಾರಾಯಣ್ ಮತ್ತು ಸಂಗಡಿಗರು 101 ಗರ್ಭಿಣಿಯರಿಗೆ ಬಾಲ್ಯದ ಕಷ್ಟಗಳ ಜೊತೆಗೆ ಬಾಲ್ಯದ ಒಳ್ಳೆಯದರ ಬಗ್ಗೆಯೂ ಹತ್ತು ಪ್ರಶ್ನೆ ಕೇಳಿದರು. ಜೊತೆಗಿದ್ದರೆ ಭಯವಿಲ್ಲ ಎನಿಸುವ ಹಿರಿಯರೊಬ್ಬರಾದರೂ ಇದ್ದರೇ? ಒಬ್ಬ ಒಳ್ಳೆಯ ಗೆಳತಿ? ಒಳ್ಳೆಯ ನೆರೆಹೊರೆ? ಹೊತ್ತುಹೊತ್ತಿಗೆ ಊಟ, ನಿದ್ದೆ? ಹತ್ತರಲ್ಲಿ ಎರಡು ಪ್ರಶ್ನೆ ಶಾಲೆಯವು: ಶಾಲೆ ಇಷ್ಟವಾಗುತ್ತಿತ್ತೇ, ನಿನ್ನ ಬಗ್ಗೆ ಕಾಳಜಿಯಿದ್ದ ಒಬ್ಬ ಶಿಕ್ಷಕರಾದರೂ ಇದ್ದರೇ. ಇಂತಹ ಒಳ್ಳೆಯ ನೆನಪು ಹೆಚ್ಚಿದ್ದವರಲ್ಲಿ, ಕಷ್ಟ ಕಂಡಿದ್ದರೂ, ಗರ್ಭಿಣಿಯಾಗಿರುವಾಗಿನ ಮಾನಸಿಕ ತೊಂದರೆ ಕಡಿಮೆಯಿತ್ತು ಎಂದು 2018ರಲ್ಲಿ ಪ್ರಕಟಿಸಿದರು. ಇದರ ಪಕ್ಕದಲ್ಲಿಟ್ಟು ನೋಡಬೇಕಾದ ಇನ್ನೊಂದು ವರದಿಯಿದೆ. ಭಾರತ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ 2007ರಲ್ಲಿ ಹೊರತಂದದ್ದು. ಶಾಲೆಗೆ ಹೋಗುವ ಮಕ್ಕಳಲ್ಲಿ 65 ಶೇಕಡಾ ಮಂದಿ ಶಾಲೆಯಲ್ಲಿ ಹೊಡೆತ ತಿಂದಿದ್ದರು. ಆ ಮಕ್ಕಳಲ್ಲಿ ಹುಡುಗಿಯರು ಈಗ ತಾಯಂದಿರಾಗುವ ವಯಸ್ಸಿನಲ್ಲಿದ್ದಾರೆ.

ಆ ತಾಯಿಯ ವಿಷಯ ಹೇಳಿ ಮುಗಿಸುತ್ತೇವೆ. ಎರಡನೆಯ ಸಲ ಭೇಟಿಯಾದಾಗ ನಾವು ಹೆಚ್ಚು ಮಾತಾಡಲಿಲ್ಲ, ಕೇಳಿದೆವು. ಅವರು ತಮ್ಮ ವೈದ್ಯರಿಗೆ ವಿಷಯ ತಿಳಿಸಿದರು. ವೈದ್ಯರು ಆಪ್ತಸಮಾಲೋಚಕರ ಬಳಿ ಕಳಿಸಿದರು. ಗಂಡನಿಗೆ ಮೊದಲು ಇದು ಅರ್ಥವಾಗಲಿಲ್ಲ, ಆಮೇಲೆ ರಾತ್ರಿ ಪಾಳಿ ಬದಲಿಸಿಕೊಂಡರು. ಊರಿನಿಂದ ಅಮ್ಮ ಬರಲಿಲ್ಲ. ಕೆಳಗಿನ ಮಹಡಿಯ ಕಾಸರಗೋಡಿನ ಹಿರಿಯರೊಬ್ಬರು ನಲವತ್ತು ದಿನ ಬಾಣಂತನ ಮಾಡಿದರು. ಗಂಡು ಮಗು. ಎಲ್ಲ ಒಮ್ಮೆಲೇ ಸರಿಹೋಯಿತು ಎಂದೇನಲ್ಲ, ಇನ್ನೂ ಕೆಲವು ದಿನ ಕಷ್ಟವೇ ಎಂದು ಅವರು ಹೇಳುತ್ತಾರೆ.

ಮಗಳು ಈ ವರ್ಷವೂ ನಮ್ಮ ತರಗತಿಯಲ್ಲೇ ಇದ್ದಾಳೆ. ಮೊನ್ನೆ ಮತ್ತೆ ಮನೆಗೆಲಸ ಮಾಡದೆ ಬಂದಿದ್ದಳು. ಕಾರಣ ಕೇಳಿದೆವು.

"ತಮ್ಮ ನಿದ್ದೆ ಮಾಡ್ಲೇ ಇಲ್ಲ ಟೀಚರ್. ಅಮ್ಮ ನಾನು ಸೇರಿ ಅವನ ಬೆನ್ನು ತಟ್ಟುತ್ತಾ ಕೂತಿದ್ದೆವು. ಅಮ್ಮ ಹಾಡು ಹೇಳಿದ್ರು. ನನಗೇ ನಿದ್ದೆ ಬಂತು."

ಅಂದು ಅವಳ ಡೈರಿಯಲ್ಲಿ ನಾವು ಏನೂ ಬರೆಯಲಿಲ್ಲ.